ಉಲ್ಲೇಖಗಳ ಲೆಕ್ಕವೂ ವಿದ್ವತ್ತಿನ ತೂಕವೂ

ಪಂಡಿತನೊಬ್ಬನು ಎಷ್ಟು ಪ್ರಬಂಧಗಳನ್ನು ಬರೆದನೆಂದು ಎಣಿಸುವುದು ಸುಲಭ. ಅವುಗಳಿಂದ ಶಾಸ್ತ್ರಕ್ಕೆ ಎಷ್ಟು ಉಪಕಾರವಾಯಿತೆಂದು ನಿರ್ಣಯಿಸುವುದು ಕಷ್ಟ. ನಮ್ಮ ಭಾಷ್ಯಕಾರರು ಪೂರ್ವಾಚಾರ್ಯರ ಮತವನ್ನು ಎತ್ತಿ ಹೇಳುತ್ತಿದ್ದಂತೆ, ವಿಜ್ಞಾನಿಯೂ ತಾನು ಆಧರಿಸಿದ ಪ್ರಬಂಧಗಳನ್ನು ಹೆಸರಿಸುತ್ತಾನೆ. ಇದಕ್ಕೆ ಉಲ್ಲೇಖವೆಂದು ಹೆಸರು. ಹೆಚ್ಚು ಉಲ್ಲೇಖ ಪಡೆದ ಪ್ರಬಂಧವೇ ಹೆಚ್ಚು ಪ್ರಭಾವಶಾಲಿ ಎಂಬುದು ಇಂದಿನ ಎಣಿಕೆ. 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿಯು ಇದಕ್ಕೊಂದು ಸೂತ್ರವನ್ನೇ ರಚಿಸಿದನು. ಒಬ್ಬನ ಪ್ರಬಂಧಗಳಲ್ಲಿ ಇಪ್ಪತ್ತಕ್ಕೆ ತಲಾ ಇಪ್ಪತ್ತಾದರೂ ಉಲ್ಲೇಖಗಳಿದ್ದು, ಇಪ್ಪತ್ತೊಂದಕ್ಕೆ ತಲಾ ಇಪ್ಪತ್ತೊಂದು ಇಲ್ಲದಿದ್ದರೆ, ಅವನ ಸೂಚ್ಯಂಕ ಇಪ್ಪತ್ತು.

ಈ ಅಳತೆಯನ್ನು ಎಷ್ಟರಮಟ್ಟಿಗೆ ನಂಬಬಹುದು? ಕಣವಿಜ್ಞಾನದ ಒಂದು ನಿದರ್ಶನವನ್ನು ನೋಡೋಣ.

1967ರಲ್ಲಿ ಅಮೆರಿಕದ ಸ್ಟೀವನ್ ವೈನ್‌ಬರ್ಗ್ ಮೂರು ಪುಟಗಳಿಗೂ ಮೀರದ ಪ್ರಬಂಧವೊಂದನ್ನು ಪ್ರಕಟಿಸಿದರು. ವಿದ್ಯುತ್ಕಾಂತ ಬಲವೂ, ಪರಮಾಣುಗರ್ಭದ ಬೀಟಾ ಕ್ಷಯಕ್ಕೆ ಕಾರಣವಾದ ದುರ್ಬಲ ಬಲವೂ ಮೂಲದಲ್ಲಿ ಒಂದೇ ಎಂಬುದು ಅದರ ಪ್ರತಿಪಾದನೆ. ಆದರೆ ಇಂಥ ಸಿದ್ಧಾಂತದಲ್ಲಿ ಗಣಿತವನ್ನು ಮುಂದುವರಿಸಿದರೆ ಉತ್ತರವು ಅನಂತವಾಗಿಬಿಡುವುದೋ ಏನೋ ಎಂಬ ಸಂಶಯವು ಬಗೆಹರಿದಿರಲಿಲ್ಲ. ಆದಕಾರಣ ಮೊದಲ ಕೆಲವು ವರ್ಷಗಳಲ್ಲಿ ಅದನ್ನು ಉಲ್ಲೇಖಿಸಿದವರು ಬೆರಳೆಣಿಕೆಯಷ್ಟು ಮಂದಿ ಮಾತ್ರ.

1971ರಲ್ಲಿ ಹಾಲೆಂಡಿನ ತರುಣ ವಿದ್ಯಾರ್ಥಿ ಹೆರಾರ್ಡ್ ಟ್ ಹೂಫ್ಟ್ ಆ ಸಂಶಯವನ್ನು ಪರಿಹರಿಸುವ ಮಾರ್ಗವನ್ನು ತೋರಿಸಿದನು. 1973ರಲ್ಲಿ ಜಿನೀವಾದ ಸರ್ನ್ ಪ್ರಯೋಗಶಾಲೆಯಲ್ಲಿ ಸಿದ್ಧಾಂತಕ್ಕೆ ಅನುಕೂಲವಾದ ಸಾಕ್ಷ್ಯ ದೊರೆಯಿತು. ಉಲ್ಲೇಖಗಳು ಪ್ರವಾಹದಂತೆ ಹರಿದುಬಂದುವು. 1979ರಲ್ಲಿ ವೈನ್‌ಬರ್ಗ್, ಗ್ಲಾಶೊ, ಸಲಾಂ ಈ ಮೂವರಿಗೂ ನೊಬೆಲ್ ಪಾರಿತೋಷಕ ಸಂದಿತು. ಆ ಪ್ರಬಂಧದ ಉಲ್ಲೇಖಗಳು ಈಗ ಹತ್ತು ಸಾವಿರವನ್ನು ಮೀರಿವೆ. ಈ ನಡುವೆ ಪ್ರಬಂಧದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲವೆಂಬುದನ್ನು ನಾವು ಗಮನಿಸಬೇಕು. 1970ರಲ್ಲಿ ಲೆಕ್ಕವನ್ನಷ್ಟೇ ನೋಡಿದವರಿಗೆ ಅದು ಯಾರಿಗೂ ಬೇಡವಾದ ಬರಹವಾಗಿ ಕಂಡಿದ್ದೀತು.

ಇನ್ನೊಂದು ತೊಡಕೂ ಉಂಟು. 2015ರಲ್ಲಿ ಹಿಗ್ಸ್ ಕಣದ ದ್ರವ್ಯರಾಶಿಯನ್ನು ತಿಳಿಸಿದ ಪ್ರಬಂಧವೊಂದಕ್ಕೆ 5,154 ಮಂದಿ ಕರ್ತೃಗಳು. ಅದರ 33 ಪುಟಗಳಲ್ಲಿ 24 ಪುಟಗಳನ್ನು ಕರ್ತೃಗಳ ಹೆಸರುಗಳೂ ಅವರ ಸಂಸ್ಥೆಗಳೂ ತುಂಬಿದ್ದುವು. ಬೃಹದ್ಯಂತ್ರಗಳನ್ನು ಕಟ್ಟುವುದಕ್ಕೂ ನಡೆಸುವುದಕ್ಕೂ ಅಷ್ಟು ಜನ ಬೇಕೇ ಬೇಕು. ಆದರೆ ಅದಕ್ಕೆ ಬಂದ ಪ್ರತಿಯೊಂದು ಉಲ್ಲೇಖವೂ ಅಷ್ಟು ಮಂದಿಯ ಲೆಕ್ಕಕ್ಕೂ ಸೇರುತ್ತದೆ. ಇವರಲ್ಲಿ ಯಾರ ಶ್ರಮ ಎಷ್ಟು ಎಂಬುದನ್ನು ಆ ಸಂಖ್ಯೆಯು ಹೇಳಲಾರದು. ಒಂಟಿಯಾಗಿ ಕುಳಿತು ಗಣಿತ ಮಾಡುವ ಸಿದ್ಧಾಂತಿಯ ಪಕ್ಕದಲ್ಲಿ ಇವರನ್ನು ನಿಲ್ಲಿಸಿ ಅದೇ ಕೋಲಿನಿಂದ ಅಳೆಯುವುದು ನ್ಯಾಯವೇ?

ಉಲ್ಲೇಖಗಳ ಗಣನೆ ನಿರರ್ಥಕವೆಂದು ನಾವು ಹೇಳುವುದಿಲ್ಲ. ಒಂದು ವಿಚಾರವು ಯಾವ ಕಾಲದಲ್ಲಿ, ಎಷ್ಟು ದೂರ ಹರಡಿತೆಂಬುದನ್ನು ಅದು ಚೆನ್ನಾಗಿ ತಿಳಿಸುತ್ತದೆ. ಆದರೆ ತರುಣ ವಿಜ್ಞಾನಿಗೆ ಹುದ್ದೆ ಕೊಡಬೇಕೇ, ಸಂಶೋಧನೆಗೆ ಧನಸಹಾಯ ನೀಡಬೇಕೇ ಎಂಬ ತೀರ್ಮಾನವನ್ನು ಸಂಖ್ಯೆಯೊಂದಕ್ಕೇ ಒಪ್ಪಿಸುವುದು ಉಚಿತವಲ್ಲ. ಬಲ್ಲವರು ಕುಳಿತು ಪ್ರಬಂಧವನ್ನು ಓದಬೇಕು. ಆ ಶ್ರಮವನ್ನು ತಪ್ಪಿಸಿಕೊಂಡಲ್ಲಿ, ಇಂದು ಅಲಕ್ಷ್ಯಕ್ಕೆ ಗುರಿಯಾದ ಮೂರು ಪುಟಗಳೊಡನೆ ಅವನ್ನು ಬರೆದವನನ್ನೂ ಶಾಸ್ತ್ರವು ಕಳೆದುಕೊಂಡೀತು.