ಭೂಪಟದ ಪದರಗಳು: ವಿಭಜನೆ ಮತ್ತು ಜೋಡಣೆ

ಮಹಾರಾಷ್ಟ್ರದ ಮಹಾಬಲೇಶ್ವರದ ಬಳಿ ಹುಟ್ಟುವ ಕೃಷ್ಣಾ ನದಿಯು ಕರ್ನಾಟಕ, ತೆಲಂಗಾಣ ಮತ್ತು ಆಂಧ್ರಪ್ರದೇಶಗಳಲ್ಲಿ ಹರಿದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. 2019ರ ಆಗಸ್ಟ್ ತಿಂಗಳಲ್ಲಿ ಈ ನದಿಕೊಳ್ಳದಲ್ಲಿ ಉಂಟಾದ ಪ್ರವಾಹವು ಸಾಂಗ್ಲಿ, ಕೊಲ್ಹಾಪುರ, ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳನ್ನು ತೀವ್ರವಾಗಿ ಬಾಧಿಸಿತು. ನೆರೆಗೆ ರಾಜ್ಯದ ಗಡಿಯಿಲ್ಲ. ಆದರೆ ಗ್ರಾಮಗಳ ದಾಖಲೆಗಳು ರಾಜ್ಯವಾರು, ಜಿಲ್ಲಾವಾರು ಇರುತ್ತವೆ. ಇವನ್ನು ಒಂದುಗೂಡಿಸಿ, ನೀರು ಆವರಿಸಿದ ಊರುಗಳನ್ನು ಗುರುತಿಸಲು ಭೌಗೋಳಿಕ ಮಾಹಿತಿ ವ್ಯವಸ್ಥೆಯು ನೆರವಾಗುತ್ತದೆ.

ಪದರ ಎಂದರೇನು?

ಈ ವ್ಯವಸ್ಥೆಯಲ್ಲಿ ನದಿ, ರಸ್ತೆ, ಗ್ರಾಮದ ಎಲ್ಲೆ ಮೊದಲಾದವುಗಳನ್ನು ಗಣಕಯಂತ್ರದಲ್ಲಿ ಬೇರೆ ಬೇರೆ ಪದರಗಳಾಗಿ ಇಡಲಾಗುತ್ತದೆ. ಪ್ರತಿಯೊಂದು ಪದರದಲ್ಲಿಯೂ ಆಕೃತಿಗಳು ಮತ್ತು ಅವುಗಳ ವಿವರಗಳುಳ್ಳ ಕೋಷ್ಟಕ ಇರುತ್ತವೆ.

ವಿಭಜನೆ

ದೊಡ್ಡ ಪದರವನ್ನು ಒಮ್ಮೆಗೇ ಸಂಸ್ಕರಿಸುವುದು ಕಷ್ಟ. ಆದ್ದರಿಂದ ಅದನ್ನು ಎರಡು ಬಗೆಯಲ್ಲಿ ವಿಭಜಿಸಲಾಗುತ್ತದೆ. ಮೊದಲನೆಯದು, ಜಿಲ್ಲೆಯ ಹೆಸರಿನಂತಹ ವಿವರವನ್ನು ಆಧರಿಸಿದ್ದು. ಇದರಲ್ಲಿ ಗ್ರಾಮದ ಆಕೃತಿ ಇಡಿಯಾಗಿ ಉಳಿಯುತ್ತದೆ. ಎರಡನೆಯದು, ಅಕ್ಷಾಂಶ ರೇಖಾಂಶಗಳ ಚೌಕಗಳನ್ನು ಆಧರಿಸಿದ್ದು. ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಭೂಪಟಗಳು ಈ ಬಗೆಯವು. ಒಂದು ಡಿಗ್ರಿ ಚೌಕವು 15 ಮಿನಿಟುಗಳ 16 ಹಾಳೆಗಳಾಗುತ್ತದೆ. ಇಂತಹ ವಿಭಜನೆಯಲ್ಲಿ ಅಂಚಿನ ಗ್ರಾಮವು ಎರಡು ತುಂಡಾಗಬಹುದು.

ಜೋಡಣೆಯಲ್ಲಿ ಗಮನಿಸಬೇಕಾದ ಅಂಶಗಳು

1. ಎಲ್ಲ ಪದರಗಳೂ ಒಂದೇ ನಿರ್ದೇಶಾಂಕ ಪದ್ಧತಿಯಲ್ಲಿರಬೇಕು. ಹಳೆಯ ಭೂಪಟಗಳು ಎವರೆಸ್ಟ್ ಗೋಲಾಭವನ್ನೂ ಹೊಸವು ಡಬ್ಲ್ಯುಜಿಎಸ್-84 ಪದ್ಧತಿಯನ್ನೂ ಆಧರಿಸಿವೆ. ಇವನ್ನು ಪರಿವರ್ತಿಸದೆ ಕೂಡಿಸಿದರೆ ನದಿಯ ದಡವೇ ಸರಿದು ಕಾಣುತ್ತದೆ.

2. ಕೋಷ್ಟಕಗಳ ಅಂಕಣಗಳಿಗೆ ಒಂದೇ ಹೆಸರಿರಬೇಕು. ಒಂದರಲ್ಲಿ 'ಗ್ರಾಮ', ಮತ್ತೊಂದರಲ್ಲಿ 'ಊರು' ಎಂದಿದ್ದರೆ ಗಣಕಯಂತ್ರವು ಇವನ್ನು ಎರಡು ವಿಷಯಗಳೆಂದೇ ಭಾವಿಸುತ್ತದೆ.

3. ಪದರಗಳನ್ನು ಕೂಡಿಸಿದ ಮಾತ್ರಕ್ಕೆ ತುಂಡಾದ ಗ್ರಾಮವು ಒಂದಾಗುವುದಿಲ್ಲ. ಅದು ಎರಡು ಗ್ರಾಮಗಳೆಂದು ಎಣಿಕೆಯಾಗುತ್ತದೆ. ಒಂದೇ ಸಂಖ್ಯೆಯ ತುಂಡುಗಳ ನಡುವಣ ಗೆರೆಯನ್ನು ಅಳಿಸಿ ಅವನ್ನು ಬೆಸೆಯಬೇಕು. ಇದಕ್ಕೆ ಹೆಸರು ಸಾಲದು. ಒಂದೇ ಹೆಸರಿನ ಊರುಗಳು ಹಲವು. ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ನಿರ್ದೇಶಿಕೆಯಲ್ಲಿ ಪ್ರತಿ ಗ್ರಾಮಕ್ಕೂ ಪ್ರತ್ಯೇಕ ಸಂಕೇತ ಸಂಖ್ಯೆಯಿದ್ದು, ಈ ಕಾರ್ಯಕ್ಕೆ ಅದು ಉಪಯುಕ್ತವಾಗಿದೆ.

ಪರಿಶೀಲನೆ

ವಿಭಜನೆಗೆ ಮುನ್ನ ಇದ್ದ ಗ್ರಾಮಗಳ ಸಂಖ್ಯೆ ಮತ್ತು ಒಟ್ಟು ವಿಸ್ತೀರ್ಣವನ್ನು ಬರೆದಿಟ್ಟುಕೊಂಡು, ಜೋಡಣೆಯ ನಂತರ ತಾಳೆ ನೋಡುವುದು ಅವಶ್ಯಕ. ಒಂದು ಗ್ರಾಮ ಎರಡು ಬಾರಿ ಸೇರಿದರೆ ಪರಿಹಾರದ ಲೆಕ್ಕ ತಪ್ಪುತ್ತದೆ. ಒಂದು ಗ್ರಾಮ ಬಿಟ್ಟುಹೋದರೆ ಅಲ್ಲಿಗೆ ದೋಣಿಯೂ ಆಹಾರವೂ ತಲುಪುವುದು ತಡವಾಗುತ್ತದೆ.