ಮಾತಿನ ಮರೆಯ ಮನಸ್ಸು

ತರುಣಿಯೊಬ್ಬಳಿಗೆ ಆನೆಯ ಚಿತ್ರವನ್ನು ಬರೆಯಹೇಳಿದರು. ಕಾಲು, ಕಿವಿ, ಸೊಂಡಿಲುಗಳು ಒಂದಕ್ಕೊಂದು ಸೇರದೆ ಕಾಗದದ ಮೇಲೆ ಚೆದುರಿಬಿದ್ದವು. ಅದೇ ಆನೆಯನ್ನು ವರ್ಣಿಸಹೇಳಿದಾಗಲಾದರೋ ಮಾತು ಹೊಳೆಯಂತೆ ಹರಿಯಿತು! ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ಉರ್ಸುಲಾ ಬೆಲೂಗಿಯವರು ದಾಖಲಿಸಿದ ಈ ವೈಚಿತ್ರ್ಯದ ಮೂಲವು ವಿಲಿಯಮ್ಸ್ ಲಕ್ಷಣಕೂಟವೆಂಬ ಅಪರೂಪದ ಜನ್ಮಸ್ಥಿತಿ.

ನ್ಯೂಜಿಲೆಂಡಿನ ವೈದ್ಯರು 1961ರಲ್ಲಿ ಇದನ್ನು ವಿವರಿಸಿದರು. ಏಳನೆಯ ಜೋಡಿ ವರ್ಣತಂತುಗಳ ಪೈಕಿ ಒಂದರಲ್ಲಿ ಸುಮಾರು 26 ವಂಶವಾಹಿಗಳು ಲೋಪವಾಗಿರುವುದೇ ಇದಕ್ಕೆ ಕಾರಣ.

ಇಂಥ ವಯಸ್ಕರ ಬುದ್ಧಿಸೂಚ್ಯಂಕವು ಸರಾಸರಿ 50-60ರ ಆಸುಪಾಸಿನಲ್ಲಿರುವುದು. ಆದರೆ ಈ ಒಂದು ಅಂಕಿಯಿಂದ ಮನಸ್ಸನ್ನು ಅಳೆಯಹೊರಡುವುದು ತರವಲ್ಲ. ಶಬ್ದಸಂಪತ್ತು ಅದಕ್ಕೆ ಮಿಗಿಲು. ಮರದ ತುಂಡುಗಳನ್ನು ಮಾದರಿಯಂತೆ ಜೋಡಿಸುವ ಕೌಶಲವು ತೀರ ಕಡಿಮೆ. ಅಪರಿಚಿತರನ್ನೂ ನಂಟರಂತೆ ಮಾತನಾಡಿಸುವ ಇವರ ಸರಸ ಸಂಭಾಷಣೆಯನ್ನು ಕೇಳಿದವರು, ಇವರಿಗೆ ನೆರವೇಕೆ ಎಂದು ಬಗೆಯುವರು. ವಾಸ್ತವದಲ್ಲಿಯೋ, ಹಣದ ಲೆಕ್ಕ, ಪ್ರಯಾಣ ಮೊದಲಾದ ದಿನದಿನದ ವ್ಯವಹಾರಗಳಿಗೆ ಬಹುಮಂದಿಗೆ ಪರರ ಸಹಾಯ ಬೇಕು. ವಂಚಕರ ಬಲೆಗೆ ಬೀಳುವುದೂ ಸುಲಭ. ನಗುಮುಖದ ಹಿಂದೆ ಕಳವಳವೂ ಬಹಳ. ಗುಡುಗಿನಂಥ ಸದ್ದಿಗೂ, ನಾಳೆ ಏನಾದೀತೆಂಬ ಚಿಂತೆಗೂ ಬೆದರುವರು. ಎಲ್ಲರ ಸಂಗವನ್ನು ಬಯಸುವ ಇವರಲ್ಲಿ ಅನೇಕರಿಗೆ ಓರಗೆಯ ಗೆಳೆಯರೇ ಇರುವುದಿಲ್ಲ.