ವಿದೇಶ ವ್ಯಾಪಾರಕ್ಕೆ ಸಂಸತ್ತಿನ ಕಾವಲು: ನೂರು ವರ್ಷಗಳ ಹಾದಿ

ಯಾವ ದೇಶದಿಂದ ಏನನ್ನು ತರಿಸಿಕೊಳ್ಳಬೇಕು, ಯಾವುದನ್ನು ಹೊರಗೆ ಕಳಿಸಬೇಕು, ಗಡಿಯಲ್ಲಿ ಎಷ್ಟು ಸುಂಕ ವಸೂಲು ಮಾಡಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಕೇಂದ್ರ ಸರ್ಕಾರ. ಆ ನಿರ್ಧಾರ ಸರಿಯೇ, ಯಾರಿಗೆ ಲಾಭ, ಯಾರಿಗೆ ಪೆಟ್ಟು ಎಂದು ಕೇಳಬೇಕಾದದ್ದು ಸಂಸತ್ತು. ಪ್ರಶ್ನೋತ್ತರ ವೇಳೆ, ಬಜೆಟ್ ಚರ್ಚೆ, ಲೆಕ್ಕಪತ್ರ ಸಮಿತಿ, ಸಾರ್ವಜನಿಕ ಉದ್ದಿಮೆಗಳ ಸಮಿತಿ ಮತ್ತು ವಾಣಿಜ್ಯ ಸ್ಥಾಯಿ ಸಮಿತಿ ಅದಕ್ಕಿರುವ ಸಾಧನಗಳು. ಇವೆಲ್ಲ ಒಂದೇ ಕಾಲದಲ್ಲಿ, ಒಂದೇ ಯೋಜನೆಯಂತೆ ಹುಟ್ಟಿದವಲ್ಲ. ಕೆಲವು ವಸಾಹತು ಆಳ್ವಿಕೆಯೊಂದಿಗೆ ನಡೆದ ಜಗಳದಿಂದ ಬಂದವು, ಕೆಲವು ಹಗರಣಗಳ ನಂತರ ಬಂದವು. ಹೀಗೆ ಬೆಳೆದ ಕಾವಲಿನಲ್ಲಿ ಒಂದು ದೊಡ್ಡ ಬಿರುಕು ಇಂದಿಗೂ ಉಳಿದಿದೆ.

ಪರಾಧೀನ ಸದನದ ಮತ

ಸರ್ಕಾರವನ್ನು ಪ್ರಶ್ನಿಸುವ ಹಕ್ಕು ಭಾರತೀಯರಿಗೆ ಸಿಕ್ಕಿದ್ದು ತೀರ ನಿಧಾನವಾಗಿ. 1892ರ ಕಾಯ್ದೆ ಶಾಸನ ಪರಿಷತ್ತಿನ ಸದಸ್ಯರಿಗೆ ಪ್ರಶ್ನೆ ಕೇಳಲು ಅವಕಾಶ ಕೊಟ್ಟಿತು. ಉತ್ತರ ಬಂದ ಮೇಲೆ ಉಪಪ್ರಶ್ನೆ ಕೇಳುವಂತಿರಲಿಲ್ಲ. ಅದಕ್ಕೆ 1909ರವರೆಗೆ ಕಾಯಬೇಕಾಯಿತು. ಸುಂಕದ ವಿಷಯದಲ್ಲಂತೂ ಲಂಡನ್ನಿನ ಮಾತೇ ಕೊನೆಯ ಮಾತು. ಲ್ಯಾಂಕಾಷೈರ್ ಗಿರಣಿ ಮಾಲೀಕರ ಹಿತಕ್ಕಾಗಿ 1896ರಲ್ಲಿ ಭಾರತದ ಗಿರಣಿ ಬಟ್ಟೆಯ ಮೇಲೆ ಶೇ 3.5ರ ಉತ್ಪಾದನಾ ಸುಂಕ ಹೇರಲಾಯಿತು. ಆ ಅನ್ಯಾಯ ಸುಮಾರು ಮೂರು ದಶಕ ನಡೆಯಿತು.

1919ರ ಸುಧಾರಣೆಗಳ ಫಲವಾಗಿ 1921ರಲ್ಲಿ ಕೇಂದ್ರ ಶಾಸನಸಭೆ ಕೆಲಸ ಆರಂಭಿಸಿತು. ಸಾರ್ವಜನಿಕ ಲೆಕ್ಕಪತ್ರ ಸಮಿತಿ ಹುಟ್ಟಿದ್ದೂ ಅದೇ ವರ್ಷ. ಅದರ ಅಧ್ಯಕ್ಷ ಸ್ಥಾನದಲ್ಲಿ ಸರ್ಕಾರದ ಹಣಕಾಸು ಸದಸ್ಯರೇ ಕೂರುತ್ತಿದ್ದರು. ಆದರೂ ಅದೇ ಹೊತ್ತಿಗೆ ಒಂದು ಮಹತ್ವದ ಸಂಪ್ರದಾಯ ಬೇರೂರಿತು: ಸುಂಕದ ವಿಷಯದಲ್ಲಿ ಭಾರತ ಸರ್ಕಾರವೂ ಶಾಸನಸಭೆಯೂ ಒಮ್ಮತಕ್ಕೆ ಬಂದರೆ ಲಂಡನ್ ಕೈಹಾಕಬಾರದು. 1923ರಲ್ಲಿ ಸುಂಕ ಮಂಡಳಿ ರಚನೆಯಾಯಿತು. ಮರುವರ್ಷವೇ ಉಕ್ಕಿನ ಉದ್ದಿಮೆಗೆ ರಕ್ಷಣೆ ಕೊಡುವ ಕಾಯ್ದೆ ಬಂತು.

ಈ ಸದನದ ಧೈರ್ಯ ಕಾಣಿಸಿದ್ದು ಒಟ್ಟಾವಾ ಒಪ್ಪಂದದ ಸಂದರ್ಭದಲ್ಲಿ. ಬ್ರಿಟಿಷ್ ಸಾಮ್ರಾಜ್ಯದ ದೇಶಗಳು ಪರಸ್ಪರ ಸುಂಕ ರಿಯಾಯಿತಿ ಕೊಡಬೇಕೆಂಬ ಈ ಒಪ್ಪಂದ 1932ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಆಯಿತು. ಅತುಲ್ ಚಟರ್ಜಿ ನೇತೃತ್ವದ ಭಾರತೀಯ ನಿಯೋಗದಲ್ಲಿ ಮುಂದೆ ಸ್ವತಂತ್ರ ಭಾರತದ ಮೊದಲ ಹಣಕಾಸು ಸಚಿವರಾದ ಆರ್.ಕೆ. ಷಣ್ಮುಖಂ ಚೆಟ್ಟಿ ಕೂಡ ಇದ್ದರು. ಒಪ್ಪಂದ ಶಾಸನಸಭೆಯ ಮುಂದೆ ಬಂತು, ಒಪ್ಪಿಗೆಯೂ ಸಿಕ್ಕಿತು. ಅದರ ಫಲವನ್ನು ಕೆಲವು ವರ್ಷ ನೋಡಿದ ಸದನ, 1936ರಲ್ಲಿ ಒಪ್ಪಂದವನ್ನು ಕೊನೆಗೊಳಿಸಬೇಕೆಂದು ನಿರ್ಣಯಿಸಿತು. ಸರ್ಕಾರ ಅದರಂತೆ ಬ್ರಿಟನ್ನಿಗೆ ನೋಟಿಸು ಕೊಟ್ಟಿತು. ಅದರ ಜಾಗಕ್ಕೆ 1939ರಲ್ಲಿ ಬಂದ ಹೊಸ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದವನ್ನೂ ಸದನ ತಿರಸ್ಕರಿಸಿತು. ಸರ್ಕಾರ ತನ್ನ ವಿಶೇಷಾಧಿಕಾರ ಬಳಸಿ ಅದನ್ನು ಜಾರಿಗೆ ತಂದಿತು. ಸದನ ಸೋತಿತು ನಿಜ. ಆದರೆ ಒಪ್ಪಂದ ಅದರ ಮುಂದೆ ಮತಕ್ಕೆ ಬಂದಿತ್ತು.

ಸಂವಿಧಾನ ಏನು ಹೇಳಿತು

1950ರಲ್ಲಿ ಜಾರಿಗೆ ಬಂದ ಸಂವಿಧಾನ ಸಂಸತ್ತಿಗೆ ಅಪಾರ ಅಧಿಕಾರ ಕೊಟ್ಟಿತು. ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ ವಿದೇಶಗಳೊಂದಿಗಿನ ಒಪ್ಪಂದ, ವಿದೇಶ ವ್ಯಾಪಾರ, ಸೀಮಾ ಸುಂಕ ಮೂರೂ ಸೇರಿವೆ. ಒಪ್ಪಂದಗಳನ್ನು ಜಾರಿಗೊಳಿಸಲು ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಮಾಡಬಹುದೆಂದು 253ನೇ ವಿಧಿ ಹೇಳುತ್ತದೆ. ಕೃಷಿಯಂಥ ರಾಜ್ಯ ಪಟ್ಟಿಯ ವಿಷಯವೂ ಇದಕ್ಕೆ ಹೊರತಲ್ಲ. ಆದರೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಅಥವಾ ಅದನ್ನು ಸ್ಥಿರೀಕರಿಸುವ ಮೊದಲು ಸಂಸತ್ತಿನ ಒಪ್ಪಿಗೆ ಬೇಕೆಂದು ಎಲ್ಲೂ ಹೇಳಿಲ್ಲ. ಸಂಸತ್ತು ಕಾನೂನು ಮಾಡಬಹುದಾದ ವಿಷಯಗಳಲ್ಲೆಲ್ಲ ಕಾರ್ಯಾಂಗಕ್ಕೂ ಅಧಿಕಾರವಿದೆ ಎನ್ನುವ 73ನೇ ವಿಧಿಯ ಬಲದಿಂದ ಕೇಂದ್ರ ಸಚಿವ ಸಂಪುಟವೇ ಒಪ್ಪಂದ ಮಾಡಿಕೊಳ್ಳುತ್ತದೆ. ಒಟ್ಟಾವಾ ಒಪ್ಪಂದದ ಮೇಲೆ ಪರಾಧೀನ ಸದನಕ್ಕೆ ಸಿಕ್ಕಿದ್ದ ಮತ, ಸ್ವತಂತ್ರ ಸಂಸತ್ತಿಗೆ ನಿಯಮವಾಗಿ ಸಿಗಲಿಲ್ಲ.

ಹಗರಣಗಳು ಕಲಿಸಿದ ಪಾಠ

ಮೊದಲ ದಶಕಗಳಲ್ಲಿ ಸಂಸತ್ತಿನ ಗಮನವೆಲ್ಲ ಸರ್ಕಾರವೇ ನಡೆಸುತ್ತಿದ್ದ ಉದ್ದಿಮೆಗಳ ಕಡೆಗಿತ್ತು. 1956ರಲ್ಲಿ ಜೀವವಿಮೆ ರಾಷ್ಟ್ರೀಕರಣವಾಯಿತು. ಆಮದು–ರಫ್ತಿನ ವಹಿವಾಟಿಗೆಂದು ರಾಜ್ಯ ವ್ಯಾಪಾರ ನಿಗಮ ಹುಟ್ಟಿದ್ದೂ ಅದೇ ವರ್ಷ. ಜನರ ದುಡ್ಡು ಇಷ್ಟು ದೊಡ್ಡ ಪ್ರಮಾಣದಲ್ಲಿ ಹೂಡಿಕೆಯಾದಾಗ ಅದರ ಲೆಕ್ಕ ಕೇಳುವವರು ಯಾರು ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಇರಲಿಲ್ಲ.

ಉತ್ತರ ಹುಡುಕುವಂತೆ ಮಾಡಿದ್ದು ಮುಂದ್ರಾ ಪ್ರಕರಣ. ಉದ್ಯಮಿ ಹರಿದಾಸ್ ಮುಂದ್ರಾ ಅವರ ಆರು ಕಂಪನಿಗಳ ಷೇರುಗಳಿಗೆ ಜೀವವಿಮಾ ನಿಗಮ 1957ರಲ್ಲಿ ಸುಮಾರು 1.24 ಕೋಟಿ ರೂಪಾಯಿ ಸುರಿದಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಆಡಳಿತ ಪಕ್ಷದವರೇ ಆದ ಫಿರೋಜ್ ಗಾಂಧಿ ಲೋಕಸಭೆಯಲ್ಲಿ ದಾಖಲೆಗಳನ್ನಿಟ್ಟುಕೊಂಡು ಮಾತಾಡಿದರು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಬಹಿರಂಗ ವಿಚಾರಣೆ ನಡೆಯಿತು. 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಸರ್ಕಾರಿ ಉದ್ದಿಮೆಗಳನ್ನು ನೋಡಿಕೊಳ್ಳಲು ಪ್ರತ್ಯೇಕ ಸಮಿತಿ ಬೇಕು ಎಂಬ ಒತ್ತಾಯ ಗಟ್ಟಿಯಾಗಿ, 1964ರ ಮೇ ತಿಂಗಳಲ್ಲಿ ಸಾರ್ವಜನಿಕ ಉದ್ದಿಮೆಗಳ ಸಮಿತಿ ರಚನೆಯಾಯಿತು. ಲೆಕ್ಕಪತ್ರ ಸಮಿತಿಯ ಅಧ್ಯಕ್ಷತೆ ವಿರೋಧ ಪಕ್ಷಕ್ಕೆ ಹೋಗಬೇಕೆಂಬ ಪರಿಪಾಠ 1967ರಲ್ಲಿ ಮಿನೂ ಮಸಾನಿ ಅವರಿಂದ ಆರಂಭವಾಯಿತು.

ಆಮದು ಪರವಾನಗಿಯ ಕಾಲದಲ್ಲಿ ವ್ಯಾಪಾರ ನೀತಿ ಎಂದರೆ ಯಾರಿಗೆ ಪರವಾನಗಿ, ಯಾರಿಗೆ ಇಲ್ಲ ಎಂಬ ಲೆಕ್ಕಾಚಾರವೇ ಆಗಿತ್ತು. 1974ರಲ್ಲಿ ಅದು ಸಂಸತ್ತಿನ ಅಂಗಳಕ್ಕೇ ಬಂತು. ಪಾಂಡಿಚೇರಿ ಕಡೆಯ ಕೆಲವು ವ್ಯಾಪಾರಿಗಳಿಗೆ ಪರವಾನಗಿ ಕೊಡಬೇಕೆಂದು 21 ಸಂಸದರ ಸಹಿಯಿದ್ದ ಮನವಿ ಸಚಿವಾಲಯಕ್ಕೆ ಹೋಗಿತ್ತು. ಬಹುತೇಕ ಸಹಿಗಳು ನಕಲಿ ಎಂದು ಗೊತ್ತಾಯಿತು. ಅಧಿವೇಶನ ಕಾವೇರಿತು. ಪರವಾನಗಿ ಕೊಡುವ ಅಧಿಕಾರ ಕಚೇರಿಯ ಕಡತಗಳಲ್ಲಿ ಅಡಗಿದ್ದಷ್ಟು ಕಾಲ ಸಂಸತ್ತಿಗೆ ವಿಷಯ ತಿಳಿಯುವುದು ಕೆಲಸ ಕೆಟ್ಟ ಮೇಲೆಯೇ ಎಂಬುದನ್ನು ಆ ಪ್ರಕರಣ ತೋರಿಸಿತು.

ಡಂಕೆಲ್ ಕಾಲದಲ್ಲಿ ಬಂದ ಸಮಿತಿ

ಇಲಾಖೆಗೊಂದು ಸಮಿತಿ ಇರಬೇಕೆಂಬ ಪ್ರಯೋಗ 1989ರಲ್ಲಿ ಕೃಷಿ, ವಿಜ್ಞಾನ–ತಂತ್ರಜ್ಞಾನ, ಪರಿಸರ ಮತ್ತು ಅರಣ್ಯ ಎಂಬ ಮೂರು ಸಮಿತಿಗಳಿಂದ ಶುರುವಾಯಿತು. ಶಿವರಾಜ ಪಾಟೀಲರು ಲೋಕಸಭಾಧ್ಯಕ್ಷರಾಗಿದ್ದ 1993ರಲ್ಲಿ 17 ಸ್ಥಾಯಿ ಸಮಿತಿಗಳು ರಚನೆಯಾದವು. ವಾಣಿಜ್ಯ ಸಮಿತಿ ರಾಜ್ಯಸಭೆಯ ಪಾಲಿಗೆ ಬಂತು. 2004ರಲ್ಲಿ ಸಮಿತಿಗಳ ಸಂಖ್ಯೆ 24ಕ್ಕೆ ಏರಿತು. ಒಂದೊಂದರಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರಿರುತ್ತಾರೆ. ಸಚಿವರಿಗೆ ಸದಸ್ಯತ್ವವಿಲ್ಲ. ಇಲಾಖೆಯ ಅನುದಾನ ಬೇಡಿಕೆ, ವಾರ್ಷಿಕ ವರದಿ, ಸದನ ಒಪ್ಪಿಸಿದ ಮಸೂದೆ, ದೀರ್ಘಾವಧಿ ನೀತಿ ಇವುಗಳನ್ನು ಸಮಿತಿ ಪರಿಶೀಲಿಸುತ್ತದೆ. ಕಾರ್ಯದರ್ಶಿಗಳನ್ನು ಕರೆಸಿ ವಿವರಣೆ ಕೇಳುತ್ತದೆ. ಉದ್ಯಮಿಗಳು, ರೈತರು, ತಜ್ಞರ ಅಹವಾಲನ್ನೂ ಆಲಿಸಬಹುದು. ಅದರ ಶಿಫಾರಸುಗಳಿಗೆ ಸರ್ಕಾರ ಕಟ್ಟುಬೀಳಬೇಕಿಲ್ಲ. ಆದರೆ ಅವುಗಳ ಮೇಲೆ ಏನು ಕ್ರಮ ಕೈಗೊಂಡೆವು ಎಂದು ಉತ್ತರ ಕೊಡಲೇಬೇಕು.

ಸಮಿತಿ ಹುಟ್ಟಿದ ವರ್ಷವೇ ಅದಕ್ಕೆ ದೊಡ್ಡ ಪರೀಕ್ಷೆ ಎದುರಾಯಿತು. ಸುಂಕ ಮತ್ತು ವ್ಯಾಪಾರದ ಸಾಮಾನ್ಯ ಒಪ್ಪಂದವಾದ ಗ್ಯಾಟ್‌ನ ಮಾತುಕತೆಯಲ್ಲಿ ಅದರ ಮುಖ್ಯಸ್ಥ ಡಂಕೆಲ್ ಮುಂದಿಟ್ಟ ಪ್ರಸ್ತಾವ ಬೀಜ, ಪೇಟೆಂಟ್, ಕೃಷಿ ಸಬ್ಸಿಡಿಗಳನ್ನೆಲ್ಲ ವ್ಯಾಪಾರದ ನಿಯಮಗಳೊಳಗೆ ತಂದಿತ್ತು. ಇದರ ವಿರುದ್ಧ ಕರ್ನಾಟಕದಲ್ಲಿ ಎದ್ದ ದನಿ ದೇಶದಲ್ಲೇ ಜೋರಾಗಿತ್ತು. ಪ್ರೊ. ಎಂ.ಡಿ. ನಂಜುಂಡಸ್ವಾಮಿ ನಾಯಕತ್ವದ ರಾಜ್ಯ ರೈತ ಸಂಘದ ಕಾರ್ಯಕರ್ತರು 1992ರ ಡಿಸೆಂಬರಿನಲ್ಲಿ ಬಹುರಾಷ್ಟ್ರೀಯ ಬೀಜ ಕಂಪನಿ ಕಾರ್ಗಿಲ್‌ನ ಬೆಂಗಳೂರು ಕಚೇರಿಗೆ ನುಗ್ಗಿದರು. 1993ರ ಅಕ್ಟೋಬರ್ 2ರಂದು ಬೆಂಗಳೂರಿನಲ್ಲಿ ಬೃಹತ್ ರೈತ ಸಮಾವೇಶ ನಡೆಯಿತು. ಐ.ಕೆ. ಗುಜ್ರಾಲ್ ಅಧ್ಯಕ್ಷತೆಯ ವಾಣಿಜ್ಯ ಸ್ಥಾಯಿ ಸಮಿತಿ ಇದೇ ಪ್ರಸ್ತಾವವನ್ನು ಕೈಗೆತ್ತಿಕೊಂಡು 1993ರ ಕೊನೆಯ ಹೊತ್ತಿಗೆ ವರದಿ ಕೊಟ್ಟಿತು. ಬೀದಿಯಲ್ಲಿ ಕೇಳುತ್ತಿದ್ದ ಪ್ರಶ್ನೆಗಳಿಗೆ ಸಂಸತ್ತಿನ ದಾಖಲೆಯಲ್ಲಿ ಜಾಗ ಸಿಕ್ಕಿತು. ಆದರೂ 1994ರ ಏಪ್ರಿಲ್ 15ರಂದು ಮರಾಕೇಶ್‌ನಲ್ಲಿ ವಾಣಿಜ್ಯ ಸಚಿವ ಪ್ರಣವ್ ಮುಖರ್ಜಿ ಸಹಿ ಹಾಕುವ ಮೊದಲು ಒಪ್ಪಂದ ಸದನದ ಮತಕ್ಕೆ ಬರಲಿಲ್ಲ.

ಪೇಟೆಂಟ್ ಕಾಯ್ದೆ ತೋರಿದ ಬಲ

ಒಪ್ಪಂದವನ್ನು ಜಾರಿಗೆ ತರಲು ಕಾನೂನು ಬದಲಾಗಬೇಕಾದಾಗ ಮಾತ್ರ ಸಂಸತ್ತಿನ ನಿಜವಾದ ಬಲ ಗೊತ್ತಾಗುತ್ತದೆ. ಮರಾಕೇಶ್ ಒಪ್ಪಂದದಿಂದ ಹುಟ್ಟಿದ ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಕ್ಕೆ ತಕ್ಕಂತೆ 1970ರ ಪೇಟೆಂಟ್ ಕಾಯ್ದೆಯನ್ನು ತಿದ್ದಲು ಸರ್ಕಾರ 1994ರ ಕೊನೆಯ ದಿನ ಸುಗ್ರೀವಾಜ್ಞೆ ಹೊರಡಿಸಿತು. ಅದರ ಜಾಗಕ್ಕೆ ತಂದ ಮಸೂದೆ ಲೋಕಸಭೆಯಲ್ಲಿ ಅಂಗೀಕಾರವಾದರೂ ರಾಜ್ಯಸಭೆಯಲ್ಲಿ ನಿಂತುಹೋಯಿತು. ಅಮೆರಿಕ ದೂರು ಕೊಟ್ಟಿತು. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಭಾರತ ಸೋತಿತು. 1999ರಲ್ಲಿ ಮೊದಲ ತಿದ್ದುಪಡಿ ಆಯಿತು. ಎರಡನೆಯದನ್ನು ಜಂಟಿ ಸಂಸದೀಯ ಸಮಿತಿ ಕೂಲಂಕಷವಾಗಿ ಪರಿಶೀಲಿಸಿದ ಮೇಲೆ 2002ರಲ್ಲಿ ಅಂಗೀಕರಿಸಲಾಯಿತು. 2005ರ ಮೂರನೇ ತಿದ್ದುಪಡಿಯ ಹೊತ್ತಿಗೆ ಎಡಪಕ್ಷಗಳ ಒತ್ತಾಯದಿಂದ 3(ಡಿ) ಕಲಮು ಬಲಗೊಂಡಿತು: ಗೊತ್ತಿರುವ ಔಷಧದ ಹೊಸ ರೂಪಕ್ಕೆ, ಗುಣಕಾರಿ ಶಕ್ತಿ ಹೆಚ್ಚದಿದ್ದರೆ, ಪೇಟೆಂಟ್ ಇಲ್ಲ. ಇದೇ ಕಲಮಿನ ಆಧಾರದ ಮೇಲೆ 2013ರಲ್ಲಿ ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಯ ಕ್ಯಾನ್ಸರ್ ಔಷಧದ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿತು. ರೋಗಿಗಳಿಗೆ ಅಗ್ಗದ ಔಷಧ ಉಳಿದುಕೊಂಡದ್ದರಲ್ಲಿ ಸಂಸತ್ತಿನ ಹತ್ತು ವರ್ಷಗಳ ವಾದವಿವಾದಕ್ಕೆ ದೊಡ್ಡ ಪಾಲಿದೆ.

ಅಧಿಸೂಚನೆಯ ಹಾದಿ

ಸುಂಕದ ವಿಷಯದಲ್ಲಿ ಈ ಬಲ ಕೆಲಸಕ್ಕೆ ಬರುವುದು ಅಪರೂಪ. 1962ರ ಸೀಮಾ ಸುಂಕ ಕಾಯ್ದೆ, 1975ರ ಸುಂಕ ದರ ಕಾಯ್ದೆ, 1992ರ ವಿದೇಶ ವ್ಯಾಪಾರ ಕಾಯ್ದೆಗಳು ದರ ಇಳಿಸುವ, ವಿನಾಯಿತಿ ಕೊಡುವ, ಆಮದು ತಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಮೊದಲೇ ಕೊಟ್ಟಿವೆ. ಮುಕ್ತ ವ್ಯಾಪಾರ ಒಪ್ಪಂದ ಆದ ಮೇಲೆ ಹಣಕಾಸು ಸಚಿವಾಲಯದ ಒಂದು ಅಧಿಸೂಚನೆ ಸಾಕು, ಹೊಸ ಸುಂಕ ಜಾರಿಗೆ ಬರುತ್ತದೆ. ಅಧಿಸೂಚನೆಯ ಪ್ರತಿ ಸಂಸತ್ತಿನಲ್ಲಿ ಮಂಡನೆಯಾಗುತ್ತದೆ. ಅದರ ಮೇಲೆ ಚರ್ಚೆಯಾಗುವುದು ವಿರಳ. ಬಜೆಟ್ ಸಮಯದಲ್ಲಿಯೂ ಹೆಚ್ಚಿನ ಇಲಾಖೆಗಳ ಬೇಡಿಕೆಗಳು ಚರ್ಚೆಯಿಲ್ಲದೆ ಒಟ್ಟಾಗಿ ಮತಕ್ಕೆ ಹೋಗುತ್ತವೆ.

ಇದರ ಬಿಸಿ ಮಲೆನಾಡಿಗೆ ಚೆನ್ನಾಗಿ ಗೊತ್ತು. ಶ್ರೀಲಂಕಾದೊಂದಿಗೆ 1998ರಲ್ಲಿ ಸಹಿಯಾಗಿ 2000ದಲ್ಲಿ ಜಾರಿಗೆ ಬಂದ ಒಪ್ಪಂದದ ನಂತರ ಕಾಳುಮೆಣಸಿನ ಆಮದು ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರ ನಿತ್ಯದ ಆತಂಕವಾಯಿತು. 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ದರ ನಿಗದಿಯಾದದ್ದು ಅಧಿಸೂಚನೆಯಿಂದ. 2023ರ ಫೆಬ್ರುವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ದರ 251ರಿಂದ 351 ರೂಪಾಯಿಗೆ ಏರಿದ್ದೂ ಹಾಗೆಯೇ. ಬೆಳೆಗಾರರಿಗೆ ಅನುಕೂಲವಾದ ನಿರ್ಧಾರಗಳೇ ಇವು. ಆದರೆ ಅಧಿಸೂಚನೆಯಿಂದ ಬಂದದ್ದು ಅಧಿಸೂಚನೆಯಿಂದಲೇ ಹೋಗಬಹುದು.

ಸಮಿತಿಗಳು ಸುಮ್ಮನಿಲ್ಲ. ನರೇಶ್ ಗುಜ್ರಾಲ್ ಅಧ್ಯಕ್ಷತೆಯ ವಾಣಿಜ್ಯ ಸಮಿತಿ 2018ರಲ್ಲಿ ಚೀನಾ ಸರಕುಗಳು ಭಾರತದ ಉದ್ದಿಮೆಯ ಮೇಲೆ ಬೀರಿದ ಪರಿಣಾಮದ ಬಗ್ಗೆ ವಿಸ್ತಾರವಾದ ವರದಿ ಕೊಟ್ಟಿತು. ಔಷಧದ ಕಚ್ಚಾವಸ್ತು, ಸೌರ ಫಲಕಗಳ ಪರಾವಲಂಬನೆಯ ಅಪಾಯವನ್ನು ಅದು ಎತ್ತಿ ತೋರಿಸಿತು. ಆದರೆ ಒಪ್ಪಂದಕ್ಕೆ ಸಹಿ ಬೀಳುವ ಮೊದಲು ಸಮಿತಿಯ ಮುಂದೆ ಕರಡು ಇಡಬೇಕೆಂಬ ಕಡ್ಡಾಯ ಇಲ್ಲ.

ಭಾರತದೊಂದಿಗೆ ಒಪ್ಪಂದ ಮಾಡಿಕೊಂಡ ದೇಶಗಳ ಪದ್ಧತಿಯ ಪಕ್ಕದಲ್ಲಿಟ್ಟರೆ ಈ ಕೊರತೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಆಸ್ಟ್ರೇಲಿಯಾ ಜೊತೆಗಿನ ಒಪ್ಪಂದಕ್ಕೆ 2022ರ ಏಪ್ರಿಲ್ 2ರಂದು ಸಹಿಯಾಯಿತು. ಅಲ್ಲಿಯ ಸಂಸತ್ತಿನ ಒಪ್ಪಂದಗಳ ಜಂಟಿ ಸಮಿತಿ ಅದನ್ನು ಪರಿಶೀಲಿಸಿತು, ಬೇಕಾದ ಮಸೂದೆಗಳನ್ನು ನವೆಂಬರಿನಲ್ಲಿ ಸಂಸತ್ತು ಅಂಗೀಕರಿಸಿತು, ಡಿಸೆಂಬರ್ 29ರಂದು ಒಪ್ಪಂದ ಜಾರಿಗೆ ಬಂತು. ಅದೇ ಒಪ್ಪಂದದ ಮೇಲೆ ಭಾರತದ ಸಂಸತ್ತು ಮತ ಹಾಕಲಿಲ್ಲ. 2025ರ ಜುಲೈನಲ್ಲಿ ಭಾರತದೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದ ಬ್ರಿಟನ್ನಿನಲ್ಲಿಯೂ 2010ರ ಕಾಯ್ದೆಯ ಪ್ರಕಾರ ಯಾವುದೇ ಒಪ್ಪಂದ ಸ್ಥಿರೀಕರಣಕ್ಕೆ ಮೊದಲು 21 ಅಧಿವೇಶನ ದಿನ ಸಂಸತ್ತಿನ ಮುಂದಿರಬೇಕು.

ಆಗಬೇಕಾದದ್ದು

ಮಾತುಕತೆ ನಡೆಯುವಾಗ ಗುಟ್ಟು ಬೇಕು, ದೇಶ ಒಂದೇ ದನಿಯಲ್ಲಿ ಮಾತಾಡಬೇಕು ಎಂಬ ಸರ್ಕಾರದ ವಾದದಲ್ಲಿ ಹುರುಳಿದೆ. ಆದರೆ ಗುಟ್ಟಿನ ಅಗತ್ಯ ಸಹಿಯೊಂದಿಗೆ ಮುಗಿಯುತ್ತದೆ. ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅಧ್ಯಕ್ಷತೆಯ ಸಂವಿಧಾನ ಪುನರ್‌ವಿಮರ್ಶಾ ಆಯೋಗ 2002ರಲ್ಲೇ ಇದಕ್ಕೆ ದಾರಿ ತೋರಿಸಿದೆ: ಒಪ್ಪಂದ ಮಾಡಿಕೊಳ್ಳುವ ಕ್ರಮವನ್ನು ಸಂಸತ್ತು ಕಾನೂನಿನ ಮೂಲಕ ನಿಗದಿಪಡಿಸಬೇಕು, ಅದರಲ್ಲಿ ಸಂಸದೀಯ ಸಮಿತಿಗೆ ಪಾತ್ರವಿರಬೇಕು. ಇದಕ್ಕೆ ಸಂವಿಧಾನ ತಿದ್ದುಪಡಿ ಬೇಕಿಲ್ಲ. ಕೇಂದ್ರ ಪಟ್ಟಿಯ 14ನೇ ನಮೂದು ಸಾಕು. ಸಹಿಯಾದ ಪ್ರತಿ ವ್ಯಾಪಾರ ಒಪ್ಪಂದವೂ ಸ್ಥಿರೀಕರಣಕ್ಕೆ ಮೊದಲು ವಾಣಿಜ್ಯ ಸ್ಥಾಯಿ ಸಮಿತಿಗೆ ಬರಬೇಕು. ಅದರಿಂದ ಬದುಕು ಬದಲಾಗುವ ರೈತರು, ಕಾರ್ಮಿಕರು, ಸಣ್ಣ ಉದ್ದಿಮೆದಾರರು ಅಲ್ಲಿ ಮಾತಾಡಬೇಕು. ವರದಿಯ ಮೇಲೆ ಎರಡೂ ಸದನಗಳಲ್ಲಿ ಚರ್ಚೆಯಾಗಬೇಕು. ಮತದಾರರು ತಮ್ಮ ಸಂಸದರನ್ನು ಇದಕ್ಕಾಗಿ ಒತ್ತಾಯಿಸಬೇಕು. 1936ರ ಶಾಸನಸಭೆ ಚಲಾಯಿಸಿದ ಹಕ್ಕು ಜನರೇ ಆರಿಸಿದ ಸಂಸತ್ತಿಗೆ ಇರಲೇಬೇಕು.